ಸ್ಪ್ಲಿಂಟರ್ ಫೋರೆಂಡ್ ಹಿಡಿಯೋಕಲ್ಲ ಅಂತ ಗೊತ್ತಾಗಿದ್ದು

ನನ್ನದು ಎಲ್.ಸಿ. ಸ್ಮಿತ್ ಫೀಲ್ಡ್ ಗ್ರೇಡ್, 12 ಬೋರ್ ಜೋಡುನಳಿಗೆ ಕೋವಿ. ನ್ಯೂಯಾರ್ಕ್ ರಾಜ್ಯದ ಫುಲ್ಟನ್ ಊರಲ್ಲಿ ಹಂಟರ್ ಆರ್ಮ್ಸ್‌ನವರು ಮಾಡಿದ್ದು. ನಾನಿರುವ ಸಿರಕ್ಯೂಸ್‌ನಿಂದ ಫುಲ್ಟನ್ ಕಾರಲ್ಲಿ ಅರ್ಧ ಗಂಟೆ ಚಿಲ್ಲರೆ. ಕೊಂಡಾಗಲೇ ಫೋರೆಂಡ್ ತುದಿಯಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಫೋರೆಂಡ್ ಅಂದರೆ ನಳಿಗೆಯ ಕೆಳಗಿನ ಮರ. ನನ್ನ ಕೋವಿಯಲ್ಲಿ ಅದು ಸಣ್ಣ ವಾಲ್ನಟ್ ಚೂರು, ಅದಕ್ಕೇ ಸ್ಪ್ಲಿಂಟರ್ ಅನ್ನುತ್ತಾರೆ.

ಸ್ಕೀಟ್‌ನಲ್ಲಿ, ಅಂದರೆ ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಡುವ ಆಟದಲ್ಲಿ, ಎರಡು ರೌಂಡ್, ಅಂದರೆ 50 ತೋಟಾ ಹೊಡೆಯುವಷ್ಟರಲ್ಲಿ ಕಾದ ನಳಿಗೆ ತಾಗಿ ಎಡಗೈ ಬೆರಳು ಚುರ್ ಅಂದಿತು. ಅಗಲವಾದ ಬೀವರ್‌ಟೇಲ್ ಫೋರೆಂಡ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಲ್ವಾ? ಅದು ಹೆಚ್ಚು ಬಳಕೆಗೆ ಬಂದಿದ್ದೇ ಸ್ಕೀಟ್ ಮತ್ತು ಅದರಂಥದ್ದೇ ಟ್ರ್ಯಾಪ್ ಆಟ ಆಡುವವರಿಂದ. 1920ರ ದಶಕದಲ್ಲಿ ಪಾರ್ಕರ್‌ನಂಥ ಕೋವಿ ಕಂಪನಿಗಳು ಜಾಸ್ತಿ ದುಡ್ಡು ಕೊಟ್ಟವರಿಗೆ ಹಾಕಿಕೊಡುತ್ತಿದ್ದವು.

ಅರ್ಧ ಕೆತ್ತಿದ ಬೀವರ್‌ಟೇಲ್ ಮರ ತರಿಸಿದೆ. ಫೋರೆಂಡ್ ಮರದೊಳಗೆ ಕೂರುವ ಕಬ್ಬಿಣಕ್ಕೆ ದೀಪದ ಮಸಿ ಸವರೋದು, ಮರಕ್ಕೆ ಒತ್ತೋದು, ಕಪ್ಪು ಹತ್ತಿದ ಕಡೆ ಮಾತ್ರ ಉಳಿಯಿಂದ ಹೆರೆಯೋದು. ಮತ್ತೆ ಮಸಿ, ಮತ್ತೆ ಹೆರೆತ. ಒಂಬತ್ತು ಸಂಜೆ ಹಿಡಿಯಿತು. ನಡುವೆ ಒಂದು ದಿನ ನಳಿಗೆ ಬಿಚ್ಚಿಟ್ಟು ಸುಮ್ನೆ ಟ್ರಿಗರ್ ಎಳೆದುಬಿಟ್ಟೆ. ಆಮೇಲೆ ಫೋರೆಂಡ್ ಏನು ಮಾಡಿದರೂ ಕೂರಲಿಲ್ಲ. ಈ ಕೋವಿ ಕಾಕ್ ಆಗೋದೇ, ಅಂದರೆ ಹೊಡೆಯಲು ಸಜ್ಜಾಗೋದೇ, ಫೋರೆಂಡಿನ ಕಬ್ಬಿಣ ತಿರುಗಿದಾಗ. ಟ್ರಿಗರ್ ಎಳೆದು ಕೋವಿಯೊಳಗಿನ ಹ್ಯಾಮರ್‌ಗಳು ಬಿದ್ದಿದ್ದರೆ ಆ ಕಬ್ಬಿಣ ಒಳಗೆ ಹೋಗೋದಿಲ್ಲ. ಮರದ್ದೇ ತಪ್ಪು ಅಂತ ಇನ್ನಷ್ಟು ಹೆರೆಯಲು ಹೊರಟಿದ್ದೆ, ಸದ್ಯ ಉಳಿ ಮೊಂಡಾಗಿತ್ತು.

ಕೊನೆಗೆ ಕೂತಿತು. ನೋಡೋಕೂ ಚೆನ್ನಾಗಿತ್ತು. ಆದರೆ ಗ್ರೌಸ್ ಹಕ್ಕಿ ಹುಡುಕಿ ಪೊದೆಗೆ ನುಗ್ಗಿದ ದಿನ ಕೋವಿ ಮೂತಿಭಾರ ಅನ್ನಿಸಿತು. ಹಕ್ಕಿ ಬುರ್ರೆಂದು ಎದ್ದಾಗ ನಳಿಗೆ ಹಿಂದೆಯೇ ಉಳಿಯಿತು.

ಆಗ ಅಜ್ಜ ನೆನಪಾದರು. ಕೊಡಗಿನ ನಮ್ಮ ಮನೆಯಲ್ಲಿ ಕೈಲ್‌ಪೊಳ್ದ್ ದಿನ ಪೂಜೆಗೆ ಇಡುತ್ತಿದ್ದುದೂ ಜೋಡುನಳಿಗೆಯೇ. ಅಜ್ಜ ಮರ ಮುಟ್ಟುತ್ತಲೇ ಇರಲಿಲ್ಲ, ಅದರ ಮುಂದೆ ನಳಿಗೆಯನ್ನೇ ಅಂಗೈಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಸ್ಪ್ಲಿಂಟರ್ ಇರೋದು ನಳಿಗೆಯನ್ನು ಕೀಲಿಗೆ ಬಿಗಿಯಾಗಿ ಕೂರಿಸೋಕೆ, ಹಿಡಿಯೋಕಲ್ಲ.

ಹಳೇ ಮರಕ್ಕೇ ವಾಪಸ್ ಬಂದೆ. ಅಸಿಟೋನ್‌ನಲ್ಲಿ ಅದ್ದಿ ಎಣ್ಣೆ ತೆಗೆದೆ. ಕಾಫಿ ಡಿಕಾಕ್ಷನ್ ಥರ ಇಳಿಯಿತು. ಸೀಳಿಗೆ ತೆಳು ಎಪಾಕ್ಸಿ ಬಿಟ್ಟು, ಸೈಕಲ್ ಟ್ಯೂಬ್ ಪಟ್ಟಿಯಿಂದ ರಾತ್ರಿಯಿಡೀ ಬಿಗಿದೆ. ಒಳಮೈಗೆ ಮಾತ್ರ ಸ್ಯಾಂಡ್‌ಪೇಪರ್ ತಾಗಿಸಲಿಲ್ಲ. ಅಲ್ಲಿ ಒತ್ತಿದ ಸೀರಿಯಲ್ ನಂಬರ್, ಕಬ್ಬಿಣದ ಮೇಲಿರೋದು, ನಳಿಗೆ ಮೇಲಿರೋದು ಮೂರೂ ಒಂದೇ. ಉಜ್ಜಿದರೆ ಹೋಯಿತು.

ಬಿಸಿಗೆ ಈಗ ನಳಿಗೆ ಮೇಲೆ ಜಾರಿಸುವ ಚರ್ಮದ ಕವಚ ಹಾಕುತ್ತೇನೆ. ಬೀವರ್‌ಟೇಲ್ ಗ್ಯಾರೇಜಿನಲ್ಲಿದೆ. ಒಂಬತ್ತು ಸಂಜೆಯ ಕೆಲಸ, ಬಿಸಾಕೋಕೆ ಮನಸ್ಸು ಬರುತ್ತಿಲ್ಲ.