ಮರಳಿ ಬಾರದ ಶಕ್ತಿ ಎಲ್ಲಿಗೆ ಹೋಯಿತು?

ಆಂಟೆನಾದ ಮೂಲಕ ಶಕ್ತಿ ತುಂಬಿ ಅನಿಲವನ್ನು ಪ್ಲಾಸ್ಮಾ, ಅಂದರೆ ವಿದ್ಯುತ್ ಹರಿಯುವ ಹೊಳೆಯುವ ಅನಿಲ, ಮಾಡುವ ನಮ್ಮ ಯಂತ್ರದ ಜನರೇಟರ್ 13.56 ಮೆಗಾಹರ್ಟ್ಸ್‌ನಲ್ಲಿ 3 ಕಿಲೋವ್ಯಾಟ್ ಕೊಡುತ್ತದೆ. ಮೊದಲು ನಾನು ಮಾಡಿದ ತಪ್ಪು ಸರಳವಾದದ್ದು. ಆಂಟೆನಾ ತಣ್ಣಗಿದ್ದಾಗಲೇ ಅದರ ರೋಧ ಅಳೆಯುವ ನೆಟ್‌ವರ್ಕ್ ಅನಲೈಸರ್ ಇಟ್ಟು, ಆಂಟೆನಾವನ್ನು ಜನರೇಟರ್‌ಗೆ ಹೊಂದಿಸುವ ಮ್ಯಾಚಿಂಗ್ ಪೆಟ್ಟಿಗೆಯ ಎರಡು ಕೆಪಾಸಿಟರ್‌ಗಳನ್ನು ತಿರುಗಿಸಿ, ಜನರೇಟರ್ ಬಯಸುವ 50 ಓಮ್ ಕರಾರುವಾಕ್ಕಾಗಿ ತಂದುಕೊಂಡು ಬೀಗಿದೆ. ಆರ್ಗಾನ್ ಹೊತ್ತಿಕೊಂಡ ಕ್ಷಣವೇ ಲೋಡ್ ಬದಲಾಯಿತು, ಶಕ್ತಿ ಹಿಂದಕ್ಕೆ ಬಂತು, ಜನರೇಟರ್ ತನ್ನನ್ನು ತಾನೇ ತಗ್ಗಿಸಿಕೊಂಡಿತು. ಕೊನೆಗೆ ಹೊತ್ತಿಸಲು ಒಂದು, ನಡೆಸಲು ಇನ್ನೊಂದು ಎಂದು ಕೆಪಾಸಿಟರ್‌ಗಳಿಗೆ ಎರಡು ಗುರುತು ಹಾಕಿಕೊಂಡೆ.

ಹಿಂದಕ್ಕೆ ಬರುವ ಪ್ರತಿಫಲಿತ ಶಕ್ತಿ 20 ವ್ಯಾಟ್‌ಗೆ ಇಳಿಯಿತು. ಆದರೂ ಪ್ಲಾಸ್ಮಾ ಮಂಕು. ಆಂಟೆನಾದ ತಾಮ್ರದ ಪಟ್ಟಿಯ ಒಂದು ಜೋಡಣೆ ಕಪ್ಪಾಗಿತ್ತು. ಮಲ್ಟಿಮೀಟರ್ ಅಲ್ಲಿ ಸೊನ್ನೆ ಓಮ್ ತೋರಿಸಿತು. ಈ ಆವರ್ತನದಲ್ಲಿ ಆ ಸೊನ್ನೆಗೆ ಬೆಲೆಯಿಲ್ಲ. ತಾಮ್ರದಲ್ಲಿ ಪ್ರವಾಹ ಹರಿಯುವುದು ಮೇಲಿನ ಸುಮಾರು 18 ಮೈಕ್ರೋಮೀಟರ್ ಪದರದಲ್ಲಿ ಮಾತ್ರ.

ಆಗ ಅನಿಲ ಬಿಡದೆ, ಪ್ಲಾಸ್ಮಾ ಇಲ್ಲದೆ ಆಂಟೆನಾಕ್ಕೆ 20 ಆಂಪಿಯರ್ ಹರಿಸಿದೆ. ಅದಕ್ಕೆ 300 ವ್ಯಾಟ್ ಬೇಕಾಯಿತು. ಅಂದರೆ ಲೋಹವೇ 0.75 ಓಮ್ ನುಂಗುತ್ತಿದೆ! ಪ್ಲಾಸ್ಮಾ ಸೇರಿದಾಗ ಒಟ್ಟು 2 ಓಮ್ ಇತ್ತು. ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಶಕ್ತಿ ಬಿಸಿಯಾಗಿಯೇ ಹೋಗುತ್ತಿತ್ತು, ಮೀಟರ್ ಮಾತ್ರ ಎಲ್ಲವೂ ಸರಿ ಎನ್ನುತ್ತಿತ್ತು. ಜೋಡಣೆ ಬಿಚ್ಚಿದರೆ ಎರಡು ತಾಮ್ರದ ಮುಖಗಳ ನಡುವೆ ಯಾರೋ ಉಕ್ಕಿನ ವಾಷರ್ ಸೇರಿಸಿದ್ದರು. ಕಾಂತೀಯ ಉಕ್ಕಿನಲ್ಲಿ ಆ ಪದರ ಇನ್ನೂ ತೆಳು, ರೋಧ ಇನ್ನೂ ಹೆಚ್ಚು. ಅದನ್ನು ತೆಗೆದು, ಮುಖಗಳನ್ನು ಉಜ್ಜಿ, ತಾಮ್ರಕ್ಕೆ ತಾಮ್ರವನ್ನೇ ಒತ್ತಿ ಬಿಗಿದೆ. ಅದೇ 20 ಆಂಪಿಯರ್‌ಗೆ 120 ವ್ಯಾಟ್ ಸಾಕಾಯಿತು.

ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಸಮ್ಮಿಲನ ಯಂತ್ರಗಳಾದ ಟೊಕಮಾಕ್‌ಗಳಲ್ಲಿ ಅಯಾನುಗಳನ್ನು ಕಾಯಿಸುವ ಆಂಟೆನಾಗಳ ಕಷ್ಟವೂ ಇದೇ ಜಾತಿಯದು. ಅಲ್ಲಿ ಪ್ಲಾಸ್ಮಾದ ಅಂಚು ಮಿಲಿಸೆಕೆಂಡಿನೊಳಗೆ ಬದಲಾಗುತ್ತದೆ. ಮೋಟಾರಿನಿಂದ ತಿರುಗುವ ಕೆಪಾಸಿಟರ್ ಅದರ ಹಿಂದೆ ಓಡಲಾರದು. ಹಾಗಾಗಿ ಜರ್ಮನಿಯ ಆಸ್ಡೆಕ್ಸ್ ಅಪ್‌ಗ್ರೇಡ್ ಎಂಬ ಟೊಕಮಾಕ್‌ನಲ್ಲಿ ಶಕ್ತಿಯನ್ನು ಎರಡು ಸಮಪಾಲು ಮಾಡುವ 3 ಡೆಸಿಬೆಲ್ ಕಪ್ಲರ್‌ಗಳ ಮೂಲಕ ಮರಳಿದ ಶಕ್ತಿಯನ್ನು ಅದನ್ನು ಬಿಸಿಯಾಗಿ ಕಳೆಯುವ ಡಮ್ಮಿ ಲೋಡಿಗೆ ತಿರುಗಿಸಿ ಜನರೇಟರನ್ನು ಕಾಯುತ್ತಾರೆ. ಕಾರ್ಖಾನೆಯ 2.45 ಗಿಗಾಹರ್ಟ್ಸ್ ಮೈಕ್ರೋವೇವ್ ಒಣಗಿಸುವ ಯಂತ್ರದಲ್ಲಿ ಮರಳುವ ಅಲೆಯನ್ನು ಬೇರೆ ದಾರಿಗೆ ತಿರುಗಿಸುವ ಸರ್ಕ್ಯುಲೇಟರ್ ಮತ್ತು ಅದನ್ನು ಹೀರುವ ನೀರಿನ ಲೋಡ್ ಮಾಡುವುದೂ ಇದೇ ಕೆಲಸ. ಆದರೆ ಇವು ಯಾವುವೂ ಲೋಹ ಕದ್ದ ಶಕ್ತಿಯ ಲೆಕ್ಕ ಕೊಡುವುದಿಲ್ಲ.

ಅದಕ್ಕೇ ತಿಂಗಳಿಗೊಮ್ಮೆ ಅನಿಲವಿಲ್ಲದೆ ಅಳೆದು ಬರೆದಿಡುತ್ತೇನೆ. ದುರಸ್ತಿಯಾದಾಗ 0.30 ಓಮ್ ಇತ್ತು. ಕಳೆದ ವಾರ 0.38 ಬಂದಿದೆ, ಮತ್ತೆ ಮುಚ್ಚಳ ಬಿಚ್ಚಬೇಕು.