ಸಾಲ ಬಾಕಿ, ವೀಸಾ ಕೈಯಲ್ಲಿ: ಹೊರಡುವ ಮೊದಲು ಏನು ಮಾಡಬೇಕು?

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆಯಿಂದ ಗಲ್ಫಿಗೆ ಹೋಗುವುದು ಹೊಸತಲ್ಲ. "ಮೂರು ವರ್ಷ ಅಲ್ಲಿದ್ದರೆ ಊರಿನ ಸಾಲ ತಾನಾಗಿ ಹೋಗುತ್ತದೆ" ಎಂಬ ಮಾತೂ ಹೊಸತಲ್ಲ. ಅದನ್ನು ನಂಬಬೇಡಿ. ಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವಿದೆ, ನಿಜ. ಆದರೆ 1963ರ ಕಾಲಮಿತಿ ಕಾಯ್ದೆಯ 15(5)ನೇ ಕಲಮಿನ ಪ್ರಕಾರ, ಸಾಲಗಾರ ಭಾರತದ ಹೊರಗಿದ್ದ ದಿನಗಳು ಈ ಲೆಕ್ಕಕ್ಕೇ ಬರುವುದಿಲ್ಲ. ದುಬೈಯಲ್ಲಿ 5 ವರ್ಷ ಕಳೆದು ಬಂದರೂ ದಾವೆ ಹೂಡಬಹುದು.

ಹಾಗಾಗಿ ಟಿಕೆಟಿಗೆ ಮೊದಲು ಬ್ಯಾಂಕಿಗೆ ಹೋಗಿ. ಬಾಕಿ ಎಷ್ಟೆಂದು ಬರಹದಲ್ಲಿ ಪಡೆಯಿರಿ, ಕಂತು ಕೇಳಿ. ಸಹಿ ಹಾಕಿ ಯಾರಿಗಾದರೂ ಖಾಲಿ ಚೆಕ್ ಕೊಟ್ಟಿದ್ದರೆ ವಾಪಸ್ ತೆಗೆದುಕೊಳ್ಳಿ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸು. ನೋಟೀಸು ಸಿಕ್ಕ 15 ದಿನದೊಳಗೆ ಹಣ ಕಟ್ಟಬೇಕು.

ಇನ್ನು ಮನೆಯವರ ವಿಷಯ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಕೋರ್ಟಿನ ಅಮೀನ ಸಮನ್ಸ್ ತಂದರೆ "ಅವ ಊರಲ್ಲಿ ಇಲ್ಲ" ಎಂದು ಕಳಿಸಿಬಿಡುತ್ತಾರೆ. ಮಲಯಾಳದ ಕಾಗದವಾದರೆ, ಓದಲು ಬಾರದೆಂದು ಕಪಾಟಿಗೆ ಹೋಗುತ್ತದೆ. ಅಷ್ಟರಲ್ಲಿ ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ನೀವು ಹಾಜರಾಗದ ಕಾರಣ ನಿಮ್ಮ ಮಾತು ಕೇಳದೆ ಕೊಟ್ಟ ತೀರ್ಪು, ಆಗಿರುತ್ತದೆ! ಅದನ್ನು ರದ್ದು ಮಾಡಿಸಲು 30 ದಿನ ಮಾತ್ರ. ಸಮನ್ಸ್ ಸರಿಯಾಗಿ ತಲುಪಿರದಿದ್ದರೆ ವಿಷಯ ತಿಳಿದ ದಿನದಿಂದ ಲೆಕ್ಕ. ಕಾಗದ ಬಂದ ದಿನವೇ ಫೋಟೋ ತೆಗೆದು ಕಳಿಸಲು ಹೇಳಿಡಿ. ಅಲ್ಲಿಂದಲೇ ವಕೀಲರನ್ನು ಗೊತ್ತುಮಾಡಬಹುದು. ಪವರ್ ಆಫ್ ಅಟಾರ್ನಿ ಬೇಕಾದರೆ ಭಾರತೀಯ ದೂತಾವಾಸದಲ್ಲಿ ಮಾಡಿಸಿ.

ಡಿಕ್ರಿ ಆದ ಮೇಲೆ 12 ವರ್ಷದವರೆಗೆ ಜಾರಿಗೆ ಅರ್ಜಿ ಹಾಕಬಹುದು. ನಿಮ್ಮ ಹೆಸರಿನ ಅಡಿಕೆ ತೋಟ, ಇಲ್ಲಿನ ಬ್ಯಾಂಕ್ ಖಾತೆ ಜಪ್ತಿಯಾಗಬಹುದು. ಅಪ್ಪನ ಹೆಸರಿನ ಮನೆ ನಿಮ್ಮ ಸಾಲಕ್ಕೆ ಸಿಗುವುದಿಲ್ಲ, ಆದರೆ ಅಪ್ಪ ಜಾಮೀನು ನಿಂತಿದ್ದರೆ ಕಥೆಯೇ ಬೇರೆ. ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಮುಲಾಜಿಗೆ ಸಹಿ ಹಾಕಿದ ಭಾವನಿಗೆ ಇದನ್ನು ಮೊದಲೇ ಹೇಳಬೇಕಿತ್ತು, ಅಲ್ವಾ?

ಗಲ್ಫಿನಲ್ಲಿ ಸಾಲ ಮಾಡಿ ಇಲ್ಲಿಗೆ ಓಡಿಬಂದರೆ? ಅಲ್ಲಿನ ತೀರ್ಪು ಇಲ್ಲಿ ಜಾರಿಯಾಗುವುದು ಮೊದಲು ದೂರದ ಮಾತಾಗಿತ್ತು, ಈಗ ಅಷ್ಟಿಲ್ಲ. 2020ರ ಜನವರಿಯಲ್ಲಿ ಭಾರತ ಸರ್ಕಾರ ಯುಎಇಯನ್ನು (ದುಬೈ ಇರುವ ದೇಶ) ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ದೇಶಗಳ ಪಟ್ಟಿಗೆ ಸೇರಿಸಿತು. ಅಲ್ಲಿನ ಗೊತ್ತುಪಡಿಸಿದ ಕೋರ್ಟುಗಳ ಡಿಕ್ರಿಯ ದೃಢೀಕೃತ ಪ್ರತಿಯನ್ನು ಕಾಸರಗೋಡಿನ ಜಿಲ್ಲಾ ಕೋರ್ಟಿಗೆ ತಂದರೆ, ಇಲ್ಲಿನದೇ ಡಿಕ್ರಿಯಂತೆ ಜಾರಿ ಮಾಡಿಸಬಹುದು. ಸೌದಿ, ಕತಾರ್ ಆ ಪಟ್ಟಿಯಲ್ಲಿಲ್ಲ. ಅಲ್ಲಿನ ತೀರ್ಪಾದರೆ ಅದರ ಆಧಾರದ ಮೇಲೆ ಇಲ್ಲಿ ಹೊಸ ದಾವೆ ಹೂಡಬೇಕು. ನಿಮಗೆ ಹೇಳಿಕೊಳ್ಳಲು ಅವಕಾಶವೇ ಕೊಡದೆ, ಅಥವಾ ಮೋಸದಿಂದ ಪಡೆದ ತೀರ್ಪಾದರೆ ಅದೇ ಸಂಹಿತೆಯ 13ನೇ ಕಲಮು ಹಿಡಿದು ತಕರಾರು ಎತ್ತಬಹುದು.

ಜಾಮೀನು ಹಾಕಿ ಕೇಸಿನಲ್ಲಿ ಸಿಕ್ಕಿಕೊಂಡ ಹೆಂಡತಿಗೋ ತಾಯಿಗೋ ವಕೀಲರ ಫೀಸು ದೊಡ್ಡ ಚಿಂತೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗುವಾಗ ಸಮನ್ಸ್, ಸಾಲದ ಪತ್ರ ಎರಡೂ ಕೈಯಲ್ಲಿರಲಿ.