ಸಾಂತಾ ಮಾರ್ತಾ ಮತ್ತು ತೈರೋನಾ: ಕಡಿಮೆ ಖರ್ಚಿನಲ್ಲಿ ಸುತ್ತಿದ ನನ್ನ ಅನುಭವ

ಕೊಲಂಬಿಯಾದ ಕೆರಿಬಿಯನ್ ಕರಾವಳಿಯಲ್ಲಿರುವ ಸಾಂತಾ ಮಾರ್ತಾ ಎಂಬ ಬಂದರು ನಗರಕ್ಕೆ ನಾನು ಹೋದದ್ದು ಅದರ ಪಕ್ಕದ ತೈರೋನಾ ರಾಷ್ಟ್ರೀಯ ಉದ್ಯಾನಕ್ಕಾಗಿ. ಆದರೆ ಫೆಬ್ರುವರಿ 12ರ ಮಧ್ಯಾಹ್ನ ಹಾಸ್ಟೆಲಿನ ಮೇಜಿನ ಹಿಂದಿದ್ದ ಹೆಂಗಸು, ನಾಳೆ ಉದ್ಯಾನಕ್ಕೆ ಹೋಗುತ್ತೇನೆ ಎಂದ ನನಗೆ ಉತ್ತರ ಹೇಳದೆ ಗೋಡೆಯ ಕ್ಯಾಲೆಂಡರಿನಲ್ಲಿ 16ನೇ ತಾರೀಖಿನ ಮೇಲೆ ಬೆರಳಿಟ್ಟರು. ಉದ್ಯಾನವನ್ನು ವರ್ಷಕ್ಕೆ ಮೂರು ಸಲ ಮುಚ್ಚುತ್ತಾರೆ: ಫೆಬ್ರುವರಿಯ ಮೊದಲ ಹದಿನೈದು ದಿನ, ಜೂನ್‌ನ ಮೊದಲ ಹದಿನೈದು ದಿನ, ಮತ್ತೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಆರಂಭದವರೆಗೆ ಸುಮಾರು ಎರಡು ವಾರ. ಉದ್ಯಾನದ ಹಿಂಬದಿಯ ಸಿಯೆರ್ರಾ ನೆವಾಡಾ ಪರ್ವತದಲ್ಲಿರುವ ಕೋಗಿ, ಅರುವಾಕೊ, ವಿವಾ ಮತ್ತು ಕಾಂಕುವಾಮೊ ಜನರಿಗೆ ಈ ಕರಾವಳಿ ಪವಿತ್ರ ನೆಲ. ಅದಕ್ಕೆ ಬಿಡುವು ಬೇಕೆಂಬ ಅವರ ಬೇಡಿಕೆಯಿಂದಲೇ ಈ ಪದ್ಧತಿ ಬಂದಿದೆ. ವಿಮಾನದ ಟಿಕೆಟ್ಟಿನ ದರವನ್ನು ವಾರಗಟ್ಟಲೆ ಹೋಲಿಸಿ ನೋಡಿದ್ದ ನಾನು ಇದೊಂದನ್ನು ನೋಡಿರಲಿಲ್ಲ. ಹೆಚ್ಚುಕಡಿಮೆ ಇದೇ ದಿನಗಳಲ್ಲಿ ನಮ್ಮ ಪುತ್ತೂರಿನ ಕಡೆ ಕೆಡ್ಡಸವೆಂಬ ಭೂಮಿಯ ಹಬ್ಬದಲ್ಲಿ ಮೂರು ದಿನ ನೆಲಕ್ಕೆ ಹಾರೆ ತಾಕಿಸುವುದಿಲ್ಲ. ಆದ್ದರಿಂದ ಕಾರಣ ತಿಳಿದ ಮೇಲೆ ಗೊಣಗುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಹೀಗೆ ಎರಡು ದಿನವೆಂದುಕೊಂಡಿದ್ದ ನಗರವಾಸ ನಾಲ್ಕು ದಿನವಾಯಿತು, ಖರ್ಚನ್ನು ಬಿಗಿಹಿಡಿಯಲೇಬೇಕಾಯಿತು. ಆಗ ಒಂದು ರೂಪಾಯಿಗೆ ಸುಮಾರು 50 ಪೆಸೊ ನಡೆಯುತ್ತಿದ್ದುದರಿಂದ, ಪೆಸೊ ಮೊತ್ತದ ಕೊನೆಯ ಎರಡು ಸೊನ್ನೆ ತೆಗೆದು ಉಳಿದದ್ದನ್ನು ಇಮ್ಮಡಿಸಿದರೆ ರೂಪಾಯಿಯ ಲೆಕ್ಕ ಸಿಗುತ್ತಿತ್ತು. ಎಂಟು ಮಂಚಗಳ ಕೋಣೆಯಲ್ಲಿ ಒಂದು ಮಂಚಕ್ಕೆ ರಾತ್ರಿಗೆ ನಾನು ಕೊಟ್ಟದ್ದು 45,000 ಪೆಸೊ, ಅಂದರೆ 900 ರೂಪಾಯಿ. ಎ.ಸಿ. ಇಲ್ಲದ, ಫ್ಯಾನ್ ಮಾತ್ರ ಇರುವ ಕೋಣೆ ಇದಕ್ಕಿಂತ ಅಗ್ಗವಾಗಿತ್ತು. ಕರಾವಳಿಯ ಸೆಕೆಯಲ್ಲೇ ಬೆಳೆದವನೆಂಬ ಧೈರ್ಯದಿಂದ ಮೂರನೆಯ ರಾತ್ರಿ ಅಲ್ಲಿಗೆ ಬದಲಾಯಿಸಿಕೊಂಡೆ. ವಿಮಾನ ನಿಲ್ದಾಣ ನಗರದಿಂದ 16 ಕಿಲೋಮೀಟರ್ ದೂರದಲ್ಲಿದೆ, ಅಲ್ಲಿಂದ ನಗರದ ಬಸ್ಸು ಓಡಾಡುತ್ತದೆ. ಬಂದ ದಿನ ಅದು ತಿಳಿಯದೆ ಟ್ಯಾಕ್ಸಿ ಹತ್ತಿದ್ದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಹಳೆಯ ಊರಿನಲ್ಲಿ ದಾರಿ ತಪ್ಪುವುದು ಕಷ್ಟ. ಸಮುದ್ರಕ್ಕೆ ಸಮಾನಾಂತರವಾದ ಬೀದಿಗಳನ್ನು ಕರ್ರೇರಾ ಎಂದೂ ಅವುಗಳನ್ನು ಅಡ್ಡ ಹಾಯುವವನ್ನು ಕಾಯೆ ಎಂದೂ ಕರೆಯುತ್ತಾರೆ. ಸಮುದ್ರದಂಡೆಯ ರಸ್ತೆಯೇ ಒಂದನೆಯ ಕರ್ರೇರಾ ಆದ್ದರಿಂದ ಸಂಖ್ಯೆ ಇಳಿಯುತ್ತಿದ್ದರೆ ನೀರಿನ ಕಡೆಗೆ ನಡೆಯುತ್ತಿದ್ದೇವೆ ಎಂದರ್ಥ. 1525ರಲ್ಲಿ ರೊದ್ರಿಗೊ ದೆ ಬಾಸ್ತಿದಾಸ್ ಸ್ಥಾಪಿಸಿದ ಈ ಊರು, ಸ್ಪೇನಿನವರು ಕೊಲಂಬಿಯಾದಲ್ಲಿ ಕಟ್ಟಿ ಇಂದಿಗೂ ಉಳಿದಿರುವ ನಗರಗಳಲ್ಲಿ ಅತ್ಯಂತ ಹಳೆಯದು. ಹಳೆಯ ಸುಂಕದ ಮನೆಯಲ್ಲಿರುವ ತೈರೋನಾ ಚಿನ್ನದ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ, ಒಳಗೆ ತಂಪು. ಉರಿಬಿಸಿಲಿನ ಎರಡು ಮಧ್ಯಾಹ್ನಗಳನ್ನು ನಾನು ಅಲ್ಲೇ ಕಳೆದೆ. ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟದ ನಾಯಕ ಸಿಮೋನ್ ಬೊಲಿವಾರ್ 1830ರ ಡಿಸೆಂಬರ್ 17ರಂದು ಕೊನೆಯುಸಿರೆಳೆದ ತೋಟದ ಮನೆಗೆ ಮಾತ್ರ ಟಿಕೆಟ್ಟು ಕೊಂಡೆ. ಮನೆಗಿಂತ ಅದರ ಸುತ್ತಲಿನ ಮರಗಳು ನನಗೆ ಹೆಚ್ಚು ಹಿಡಿಸಿದವು.

ಸಸ್ಯಾಹಾರಿಯಾದ ನನಗೆ ಊಟದ್ದೇ ದೊಡ್ಡ ಭಯವಿತ್ತು. ಸಮುದ್ರದಂಡೆಯ ಹೋಟೆಲುಗಳನ್ನು ಬಿಟ್ಟು ನಾಲ್ಕೈದು ಬೀದಿ ಒಳಗೆ ಹೋದರೆ, ಕೆಲಸಗಾರರು ಮಧ್ಯಾಹ್ನ ಉಣ್ಣುವ ಸಣ್ಣ ಖಾನಾವಳಿಗಳಿವೆ; ಅಲ್ಲಿನ ನಿಗದಿತ ಊಟಕ್ಕೆ ಕೊರ್ರಿಯೆಂತಾಸೊ ಎಂಬ ಹೆಸರಿದೆ. ಸೂಪು, ಅನ್ನ, ಬೇಯಿಸಿದ ಮಸೂರ ಅಥವಾ ಅವರೆಯಂಥ ಕಾಳು, ಜಜ್ಜಿ ಕರಿದ ಬಾಳೆಕಾಯಿ, ಹಣ್ಣಿನ ರಸ ಎಲ್ಲ ಸೇರಿ 14,000 ಪೆಸೊ. ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ’, ಅಂದರೆ ಮಾಂಸವೂ ಬೇಡ ಮೀನೂ ಬೇಡ ಎಂದು ಹೇಳಿದರೆ ಕಾಳನ್ನು ಇನ್ನೊಂದು ಸೌಟು ಬಡಿಸುತ್ತಿದ್ದರು. ಸೂಪು ಮಾತ್ರ ಸಾಮಾನ್ಯವಾಗಿ ಮೂಳೆಯ ರಸದ್ದಾದ್ದರಿಂದ ಅದನ್ನು ಬಿಟ್ಟುಬಿಡುತ್ತಿದ್ದೆ. ಬೆಳಗ್ಗೆಯಂತೂ ನನ್ನ ಪಾಲಿಗೆ ಸಾಂತಾ ಮಾರ್ತಾದವರದೇ ಆದ ಕಾಯೆಯೆ ಎಂಬ ತಿಂಡಿ ಇತ್ತು. ಮಾರುಕಟ್ಟೆಯ ಬಳಿಯ ಗಾಡಿಯಾಕೆ ಬಾಳೆಕಾಯಿಯ ಸಿಪ್ಪೆ ಸುಲಿದು, ಉಪ್ಪು ನೀರಿನಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಬೆಣ್ಣೆ ಹಾಕಿ ಮರದ ಸೌಟಿನ ಬೆನ್ನಿನಿಂದ ಮಸೆದು, ಬೇಯಿಸಿದ ನೀರನ್ನೇ ಎರಡು ಚಮಚ ಸೇರಿಸಿ ಮೆದುಗೊಳಿಸಿ, ಮೇಲೆ ಉಪ್ಪುಪ್ಪಾದ ಬಿಳಿ ಚೀಸನ್ನು ತುರಿದು ಉದುರಿಸುತ್ತಿದ್ದರು. ಒಂದು ಒಗ್ಗರಣೆ ಕೊಟ್ಟಿದ್ದರೆ ಅದು ನಮ್ಮ ಮನೆಯ ಅಡುಗೆಯೇ. ಈ ಪ್ರದೇಶ ಬಾಳೆಯ ಸೀಮೆ. ಇಲ್ಲಿನ ತೋಟದ ಕೂಲಿಗಾರರು ಮುಷ್ಕರ ಹೂಡಿದಾಗ 1928ರ ಡಿಸೆಂಬರ್‌ನಲ್ಲಿ ಪಕ್ಕದ ಸಿಯೆನಾಗಾ ಪಟ್ಟಣದಲ್ಲಿ ಸೈನ್ಯವು ಅವರ ಮೇಲೆ ಗುಂಡು ಹಾರಿಸಿತು.

16ರ ಬೆಳಗ್ಗೆ ಆರು ಗಂಟೆಗೇ ಮಾರುಕಟ್ಟೆಯ ಬಳಿ, ಕಾಯೆ 11 ಮತ್ತು ಕರ್ರೇರಾ 11 ಸೇರುವಲ್ಲಿ ಬಸ್ಸು ಹತ್ತಿದೆ. ಏಜೆಂಟರು ತಾಗಾಂಗಾ ಎಂಬ ಮೀನುಗಾರರ ಹಳ್ಳಿಯಿಂದ ನೇರವಾಗಿ ಉದ್ಯಾನದ ಕಡಲತೀರಕ್ಕೆ ಹೋಗುವ ದೋಣಿಯನ್ನು ಹೊಗಳುತ್ತಾರೆ. ಆದರೆ ವರ್ಷದ ಮೊದಲ ತಿಂಗಳುಗಳಲ್ಲಿ ಗಾಳಿ ಜೋರು, ಅಲೆ ಎತ್ತರ, ದರವೂ ಬಸ್ಸಿನ ಹಲವು ಪಟ್ಟು. ಸುಮಾರು ಒಂದು ಗಂಟೆಯಲ್ಲಿ, 34 ಕಿಲೋಮೀಟರ್ ದೂರದ ಎಲ್ ಸಾಯ್ನೊ ದ್ವಾರದಲ್ಲಿ ಬಸ್ಸು ಇಳಿಸಿತು. ವಿದೇಶಿಯರ ಶುಲ್ಕ ಕೊಲಂಬಿಯದವರದ್ದಕ್ಕಿಂತ ಬಹಳ ಹೆಚ್ಚು, ರಜೆಯ ಕಾಲದಲ್ಲಿ ಇನ್ನೂ ಹೆಚ್ಚು, ಅದರ ಮೇಲೆ ಕಡ್ಡಾಯ ವಿಮೆ ಬೇರೆ. ಇಡೀ ಪ್ರವಾಸದಲ್ಲಿ ಉಳಿತಾಯಕ್ಕೆ ಎಡೆಯೇ ಇಲ್ಲದ ಖರ್ಚು ಇದೊಂದೇ. ಚೀಲವನ್ನು ಬಿಚ್ಚಿಸಿ ನೋಡುತ್ತಾರೆ. ಮದ್ಯವನ್ನೂ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನೂ ಒಳಗೆ ಬಿಡುವುದಿಲ್ಲವಾದ್ದರಿಂದ ನಾನು ಎರಡು ಸ್ಟೀಲ್ ಬಾಟಲಿಗಳಲ್ಲಿ ನೀರನ್ನೂ, ಬಟ್ಟೆಯ ಚೀಲದಲ್ಲಿ ಬಾಳೆಹಣ್ಣು ಮತ್ತು ನೆಲಗಡಲೆಯನ್ನೂ ಒಯ್ದಿದ್ದೆ. ಒಳಗೆ ಎ.ಟಿ.ಎಂ. ಇಲ್ಲ, ನಗದು ಬೇಕೇ ಬೇಕು.

ದ್ವಾರದಿಂದ ಕಾನ್ಯಾವೆರಾಲ್‌ವರೆಗೆ ಟಾರು ರಸ್ತೆ. ಅಲ್ಲಿಗೆ ವ್ಯಾನಿನಲ್ಲಿ ಹೋಗಿ ಕಾಲನ್ನು ಕಾಡಿಗೆ ಉಳಿಸಿಕೊಳ್ಳುವುದು ಜಾಣತನ. ಅಲ್ಲಿಂದ ಕಾಬೊ ಸಾನ್ ಹುವಾನ್ ಎಂಬ ಕಡಲತೀರಕ್ಕೆ ಎರಡು ತಾಸಿನ ನಡಿಗೆ ಎನ್ನುತ್ತಾರೆ, ನನಗೆ ಮೂರು ಹಿಡಿಯಿತು. ಮರದ ಮೆಟ್ಟಿಲುಗಳು, ಮನೆಯೆತ್ತರದ ದುಂಡು ಬಂಡೆಗಳು, ಎಲೆಯ ಚೂರುಗಳನ್ನು ಹಸಿರು ಕೊಡೆಗಳಂತೆ ಎತ್ತಿ ಹಿಡಿದು ದಾರಿ ದಾಟುವ ಇರುವೆಗಳ ಸಾಲು. ಆ ಸಾಲಿನೆದುರು ನಾನು ಕಾಲು ಗಂಟೆ ಕುಕ್ಕರಗಾಲಿನಲ್ಲಿ ಕುಳಿತಿದ್ದೆ. ಅರೆಸಿಫೆಸ್ ತೀರ ಕಣ್ಣಿಗೆ ಎಷ್ಟು ಸುಂದರವೋ ಅಷ್ಟೇ ಅಪಾಯಕಾರಿ: ಇಲ್ಲಿ ನೂರಕ್ಕೂ ಹೆಚ್ಚು ಜನ ಮುಳುಗಿದ್ದಾರೆ, ನೀವೂ ಆ ಲೆಕ್ಕಕ್ಕೆ ಸೇರಬೇಡಿ ಎಂಬ ಅರ್ಥದ ಫಲಕವಿದೆ. ಅದನ್ನು ದಾಟಿ ಮುಂದೆ ನಡೆದು, ಸಾಲುಬಂಡೆಗಳು ಅಲೆಯನ್ನು ತಡೆದು ನೀರನ್ನು ಕೆರೆಯಂತೆ ಮಾಡಿರುವ ಲಾ ಪಿಸಿನಾದಲ್ಲಿ ಇಳಿದೆ. ದಾರಿಯಲ್ಲಿ ಕೊಂಡ, ಒಳಗೆ ಚಾಕೊಲೇಟ್ ಕರಗಿದ್ದ ಬಿಸಿ ಬ್ರೆಡ್ಡು ಊರಿನ ಬೆಲೆಗೆ ಹೋಲಿಸಿದರೆ ದುಬಾರಿಯೇ. ಆದರೂ ಎರಡು ತಿಂದೆ.

ರಾತ್ರಿ ಕಾಬೊದಲ್ಲಿ ಹುಲ್ಲು ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಜೋಲಿಗಳಲ್ಲೊಂದು ಸಿಕ್ಕಿತು. ಮೊದಲು ಬಂದವರಿಗೆ ಮೊದಲೆಂಬ ಲೆಕ್ಕದಲ್ಲಿ ಕೊಡುತ್ತಿದ್ದರಾದ್ದರಿಂದ ನಸುಕಿನಲ್ಲೇ ಹೊರಟದ್ದು ಸಾರ್ಥಕವಾಯಿತು. ಬೆನ್ನನ್ನು ನೇರವಾಗಿಟ್ಟು ಮಲಗಿದರೆ ಸೊಂಟ ನೋಯುತ್ತದೆ, ಓರೆಯಾಗಿ ಮಲಗಬೇಕೆಂದು ಪಕ್ಕದ ಜೋಲಿಯ ಅಜ್ಜಿ ಕೈಸನ್ನೆಯಲ್ಲೇ ಕಲಿಸಿದರು. ನಡುರಾತ್ರಿಯ ಗಾಳಿಗೆ ತುಂಬುತೋಳಿನ ಅಂಗಿಯೂ ಸಾಲದೆ ಪಂಚೆ ಹೊದ್ದುಕೊಂಡೆ.

ಹೋಗುವವರು ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ನನ್ನ ಅಮೆರಿಕದ ವೀಸಾದ ಅವಧಿ 180 ದಿನಗಳಿಗಿಂತ ಹೆಚ್ಚು ಉಳಿದಿದ್ದುದರಿಂದ ಕೊಲಂಬಿಯಾಕ್ಕೆ ಬೇರೆ ವೀಸಾ ಬೇಕಾಗಲಿಲ್ಲ. ನಿಯಮ ಬದಲಾಗುವುದುಂಟು, ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಂಡು ಹಳದಿ ಪುಸ್ತಿಕೆಯನ್ನು ಪಾಸ್‌ಪೋರ್ಟಿನ ಜೊತೆಗಿಡಿ. ಉದ್ಯಾನದ ದ್ವಾರದಲ್ಲಿ ಯಾರೂ ನನ್ನನ್ನು ಅದಕ್ಕಾಗಿ ಕೇಳಲಿಲ್ಲ. ಭಾರತಕ್ಕೆ ಮರಳಿದಾಗ ಆರೋಗ್ಯ ತಪಾಸಣೆಯ ಮೇಜಿನವರು ಕೇಳಿದ ಮೊದಲ ಕಾಗದ ಅದೇ ಆಗಿತ್ತು; ಅದಿಲ್ಲದಿದ್ದ ಪಕ್ಕದ ಪ್ರಯಾಣಿಕರನ್ನು ಬೇರೆ ಕುರ್ಚಿಯಲ್ಲಿ ಕೂರಿಸಿದ್ದರು.